ಮಾಗಿಯ ಬೆಳಗಿನ ಸೈಕಲ್ ಸವಾರಿ

ಮಲೆನಾಡಿನ ರಸ್ತೆಗಳಿಗೆ ಒಂದೊಂದು ಕಾಲದಲ್ಲಿ ಒಂದೊಂದು ರೂಪ. ಜೂನ್ ತಿಂಗಳಿನಿಂದ ಸೆಪ್ಟೆಂಬರ್ ತಿಂಗಳಿನವರೆಗೆ ಅವು ಮಳೆಯ ಸ್ವತ್ತು. ಚರಂಡಿ ಯಾವುದು, ದಾರಿ ಯಾವುದು ಎಂದು ತಿಳಿಯದಂತೆ ಕೆಂಪು ನೀರು ಹರಿಯುತ್ತಿರುತ್ತದೆ. ಮಾರ್ಚ್ ಬಂದಿತೆಂದರೆ ಬಿಸಿಲು ಮತ್ತು ಧೂಳು. ಇವೆರಡರ ನಡುವೆ, ದೀಪಾವಳಿ ಕಳೆದ ಮೇಲೆ ಮೊದಲಾಗಿ ಶಿವರಾತ್ರಿಯ ಹೊತ್ತಿಗೆ ಮುಗಿಯುವ ಮಾಗಿಯ ಕಾಲವೊಂದೇ ಮನುಷ್ಯನು ತನ್ನ ಕಾಲಿನ ಬಲವನ್ನು ನಂಬಿ ನಿಶ್ಚಿಂತೆಯಿಂದ ಹೊರಡಬಹುದಾದ ಕಾಲ. ಸೈಕಲ್ಲಿಗಂತೂ ಇದು ಹೇಳಿ ಮಾಡಿಸಿದ ಋತು. ಹಾಗಿದ್ದೂ ಯಾವ ಅವಸರದ ಕೆಲಸವೂ ಇಲ್ಲದೆ, ಚಳಿಯ ಬೆಳಗಿನಲ್ಲಿ ಸೈಕಲ್ಲೇರಿ ಹತ್ತು ಹನ್ನೆರಡು ಕಿಲೋಮೀಟರ್ ಹೋಗಿಬರುವವರು ಇಂದು ಅಪರೂಪವಾಗಿದ್ದಾರೆ. ಅಂಥವರೊಬ್ಬರು ಎದುರಿಗೆ ಸಿಕ್ಕರೆ, "ಏನು ಮಾರಾಯ್ರೇ, ಗಾಡಿ ಕೆಟ್ಟುಹೋಯಿತೇ?" ಎಂದು ಕೇಳುವ ಕಾಲ ಬಂದಿದೆ. ಸೈಕಲ್ಲೆಂದರೆ ಬೇರೆ ದಾರಿಯಿಲ್ಲದವನ ವಾಹನ ಎಂಬ ಭಾವನೆ ಈ ಪ್ರಶ್ನೆಯ ಒಳಗೆ ಅಡಗಿದೆ. ಈ ಭಾವನೆ ಸರಿಯಲ್ಲ.

ಕೊಪ್ಪ ತಾಲ್ಲೂಕಿನ ಮೇಗುಂದ ಸೀಮೆಯನ್ನೇ ನೋಡಬಹುದು. ಒಂದು ಕಡೆ ಶೃಂಗೇರಿಯನ್ನು ಮುಟ್ಟಿ ಹರಿಯುವ ತುಂಗೆ; ಇನ್ನೊಂದು ಕಡೆ ಬಾಳೆಹೊನ್ನೂರಿನ ಮಗ್ಗುಲಲ್ಲಿ ಸಾಗುವ ಭದ್ರೆ. ವರಾಹಪರ್ವತದ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಮತ್ತೆ ಒಂದಾಗುವ ನದಿಗಳಿವು. ಇವೆರಡರ ನಡುವಿನ ಗುಡ್ಡಗಳ ಮಡಿಲಲ್ಲಿ ಜಯಪುರ, ಬಸರೀಕಟ್ಟೆಯಂಥ ಊರುಗಳೂ ಒಂಟಿ ಮನೆಗಳೂ ಚದುರಿಕೊಂಡಿವೆ. ಇಲ್ಲಿನ ರಸ್ತೆ ಒಂದು ಫರ್ಲಾಂಗಿನಷ್ಟೂ ನೇರವಾಗಿ ಓಡುವುದಿಲ್ಲ. ತೋಟದ ತಲೆಯನ್ನು ಬಳಸಿ, ಹಳ್ಳವನ್ನು ದಾಟಿ, ಗುಡ್ಡದ ಸೊಂಟವನ್ನು ಸುತ್ತಿ, ಮತ್ತೆ ಗದ್ದೆಯ ಬಯಲಿಗೆ ಇಳಿಯುತ್ತದೆ.

ಇಂಥ ದಾರಿಯಲ್ಲಿ ಪುಷ್ಯಮಾಸದ ಬೆಳಗ್ಗೆ ಏಳು ಗಂಟೆಗೆ ಸೈಕಲ್ ತುಳಿಯುವವನಿಗೆ ಒಂದು ವಿಚಿತ್ರವಾದ ಅನುಭವವಾಗುತ್ತದೆ. ಎತ್ತರದ ದಿಣ್ಣೆಯ ಮೇಲೆ ಹಿತವಾಗಿದ್ದ ಗಾಳಿಯು, ಇಳಿಜಾರಿನಲ್ಲಿ ಗದ್ದೆಯ ಮಟ್ಟಕ್ಕೆ ಬರುತ್ತಿದ್ದಂತೆಯೇ ಥಟ್ಟನೆ ಮಂಜಿನಂತೆ ತಣ್ಣಗಾಗುತ್ತದೆ. ಕಿವಿ ಮರಗಟ್ಟುತ್ತದೆ, ಕಣ್ಣಿನಲ್ಲಿ ನೀರು ಬರುತ್ತದೆ. ಮತ್ತೆ ಏರು ಹತ್ತಿದೊಡನೆ ಬೆಚ್ಚಗಿನ ಗಾಳಿ. ಗುಡ್ಡದ ಮೇಲೆ ಚಳಿ ಹೆಚ್ಚಾಗಿರಬೇಕು, ತಗ್ಗಿನಲ್ಲಿ ಕಡಿಮೆಯಿರಬೇಕು ಎಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ತಲೆಕೆಳಗಾಗುತ್ತದೆ. ಮೋಡವಿಲ್ಲದ ಮಾಗಿಯ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬೇಗ ತಣಿಯುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ನೀರಿನಂತೆ ಇಳಿಜಾರನ್ನು ಹಿಡಿದು ಹರಿದು ಕಣಿವೆಯಲ್ಲಿ ನಿಲ್ಲುತ್ತದೆ. ಅದರ ತೇವವೇ ಮಂಜಾಗಿ ಗದ್ದೆಬಯಲನ್ನು ಕೆರೆಯಂತೆ ತುಂಬುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಈ ಕೆರೆ ಒಡೆಯುತ್ತದೆ. ಈ ಪಾಠ ಭೂಗೋಳದ ಪುಸ್ತಕದಲ್ಲಿ ಇದ್ದೇ ಇದೆ. ಆದರೆ ಬಸ್ಸಿನ ಗಾಜಿನ ಹಿಂದೆ ಕುಳಿತವನಿಗೆ ಅದು ಪುಸ್ತಕದಲ್ಲಿಯೇ ಉಳಿಯುತ್ತದೆ; ಮೋಟಾರು ಸೈಕಲ್ಲಿನ ವೇಗದಲ್ಲಿ ಹೋಗುವವನಿಗೆ ಎಲ್ಲ ಗಾಳಿಯೂ ಒಂದೇ ತೆರನಾಗಿ ಕೊರೆಯುತ್ತದೆ. ಸೈಕಲ್ ಸವಾರನಿಗೆ ಮಾತ್ರ ಈ ತಣ್ಣನೆಯ ಕೆರೆಯ ದಡ ಎಲ್ಲಿದೆ ಎಂಬುದು ಮುಖದ ಮೇಲೆ ಗೊತ್ತಾಗುತ್ತದೆ.

ಮಾಗಿಯೆಂದರೆ ಮಲೆನಾಡಿನಲ್ಲಿ ದುಡಿಮೆಯ ಕಾಲವೂ ಹೌದು. ಅಡಿಕೆಯ ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು ನಡೆದಿರುತ್ತದೆ. ಒಲೆಯ ಮೇಲಿನ ಹಂಡೆಯಲ್ಲಿ ಕುದಿಯುವ ಚೊಗರಿನ ಒಗರು ವಾಸನೆ ಮನೆ ಕಣ್ಣಿಗೆ ಬೀಳುವುದಕ್ಕೆ ಮೊದಲೇ ರಸ್ತೆಗೆ ಬಂದಿರುತ್ತದೆ. ಕಾಫಿಯ ಗಿಡಗಳಲ್ಲಿ ಹಣ್ಣು ಕೆಂಪೇರಿರುತ್ತದೆ. ಹಣ್ಣು ಕೊಯ್ಯುವವರ ಮಾತು, ನಗು ಎಲೆಗಳ ಮರೆಯಿಂದ ಕೇಳಿಸುತ್ತದೆ, ಮುಖ ಕಾಣುವುದಿಲ್ಲ. ಕೊಯ್ದ ಗದ್ದೆಯಲ್ಲಿ ಕೂಳೆ, ಅಂಗಳದ ಅಂಚಿನಲ್ಲಿ ಹೊಸ ಹುಲ್ಲಿನ ಬಣವೆ. ಹಳ್ಳದ ಸೇತುವೆಯ ಬಳಿ ಬೂದು ಸಿಪಿಲೆಯೊಂದು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಕಲ್ಲಿನಿಂದ ಕಲ್ಲಿಗೆ ಓಡಾಡುತ್ತಿರುತ್ತದೆ. ಅದು ಈ ಊರಿನದಲ್ಲ. ಹಿಮಾಲಯ ಮತ್ತು ಅದರಾಚೆಯ ನಾಡುಗಳಿಂದ ಚಳಿಗೆ ಹೆದರಿ ಬಂದ ಅತಿಥಿ. ಸಾವಿರಾರು ಕಿಲೋಮೀಟರ್ ದೂರದಿಂದ ಬಂದ ಈ ಹಿಡಿಯಷ್ಟು ಹಕ್ಕಿಯನ್ನು ನೋಡಲು ಒಂದು ಕಾಲನ್ನು ನೆಲಕ್ಕೂರಿ ನಿಂತರೆ ಸಾಕು. ಎಂಜಿನ್ ಆರಿಸಬೇಕಾಗಿಲ್ಲ, ಗಾಡಿ ನಿಲ್ಲಿಸಲು ಜಾಗ ಹುಡುಕಬೇಕಾಗಿಲ್ಲ.

ಇದನ್ನೆಲ್ಲ ಕಾಲಹರಣವೆಂದು ಹೇಳುವವರಿದ್ದಾರೆ. ಓದುವ ಮಕ್ಕಳಿಗೆ, ದುಡಿಯುವ ದೊಡ್ಡವರಿಗೆ ಅಷ್ಟು ಪುರುಸೊತ್ತು ಎಲ್ಲಿದೆ ಎಂಬುದು ಅವರ ವಾದ. ಆದರೆ ವೇಗದ ಲೆಕ್ಕ ಮೇಲುನೋಟಕ್ಕೆ ಕಾಣುವಷ್ಟು ಸರಳವಲ್ಲ. ಇವಾನ್ ಇಲಿಚ್ ಎಂಬ ಚಿಂತಕ 1970ರ ದಶಕದಲ್ಲಿ ಒಂದು ಲೆಕ್ಕ ಹಾಕಿದನು. ಅಮೆರಿಕದ ಒಬ್ಬ ಸಾಮಾನ್ಯ ಕಾರಿನೊಡೆಯನು ಕಾರಿನಲ್ಲಿ ಕಳೆಯುವ ಸಮಯದ ಜೊತೆಗೆ, ಆ ಕಾರಿನ ಕಂತು, ಇಂಧನ, ವಿಮೆ, ತೆರಿಗೆಗಳಿಗಾಗಿ ದುಡಿಯುವ ಸಮಯವನ್ನೂ ಸೇರಿಸಿದರೆ ವರ್ಷಕ್ಕೆ 1600 ಗಂಟೆಗೂ ಹೆಚ್ಚಾಗುತ್ತದೆ. ಅಷ್ಟು ಹೊತ್ತಿನಲ್ಲಿ ಅವನು ಕ್ರಮಿಸುವುದು 7500 ಮೈಲಿ. ಎಂದರೆ ಗಂಟೆಗೆ ಐದು ಮೈಲಿಗಿಂತಲೂ ಕಡಿಮೆ! ಸೈಕಲ್ಲಿನವನು ಹಾಡು ಗುನುಗುತ್ತ ಹೋದರೂ ಇದಕ್ಕಿಂತ ಮುಂದಿರುತ್ತಾನೆ. ಇಲಿಚ್‌ನ ಲೆಕ್ಕವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಆಸ್ಪತ್ರೆಗೆ ಹೊರಟವನಿಗೆ ಅದನ್ನು ಹೇಳಲೂಬಾರದು. ಆದರೆ ಉಳಿಸಿದ ಸಮಯ ಎಲ್ಲಿಗೆ ಹೋಯಿತು ಎಂದು ಕೇಳುವ ಧೈರ್ಯ ಅದರಲ್ಲಿದೆ.

ಶಕ್ತಿಯ ಲೆಕ್ಕವಂತೂ ಇನ್ನೂ ಸ್ಪಷ್ಟ. ಆಕ್ಸ್‌ಫರ್ಡಿನ ಎಸ್. ಎಸ್. ವಿಲ್ಸನ್ 1973ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಸೈಕಲ್ಲಿನ ಬಗ್ಗೆ ಬರೆದ ಲೇಖನ ಪ್ರಸಿದ್ಧವಾಗಿದೆ. ಒಂದು ಕಿಲೋಮೀಟರ್ ನಡೆಯಲು ಮನುಷ್ಯನಿಗೆ ಬೇಕಾಗುವ ಶಕ್ತಿಯ ಸುಮಾರು ಐದನೆಯ ಒಂದು ಭಾಗದಲ್ಲಿ ಅವನು ಅಷ್ಟೇ ದೂರವನ್ನು ಸೈಕಲ್ಲಿನಲ್ಲಿ ಹೋಗಬಲ್ಲ. ಓಡುವ ಕುದುರೆ, ಹಾರುವ ಹಕ್ಕಿ, ಈಜುವ ಮೀನು ಯಾವುವೂ ಈ ಮಿತವ್ಯಯದಲ್ಲಿ ಸೈಕಲ್ ಸವಾರನನ್ನು ಸರಿಗಟ್ಟಲಾರವು.

ಇಷ್ಟು ಅರ್ಥಪೂರ್ಣವಾದ ಯಂತ್ರ ಒಬ್ಬನ ಸೃಷ್ಟಿಯಲ್ಲ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮಾಡಿದ ಎರಡು ಚಕ್ರದ ಗಾಡಿಗೆ ಪೆಡಲೇ ಇರಲಿಲ್ಲ. ನೆಲವನ್ನು ಕಾಲಿನಿಂದ ಒದೆಯುತ್ತ ಹೋಗಬೇಕಾಗಿತ್ತು. ಇಂದಿನ ಸೈಕಲ್ಲಿನ ಆಕಾರ ಬಂದದ್ದು 1885ರಲ್ಲಿ, ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯ ಕೈಯಲ್ಲಿ. ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಗಾಡಿಗೆಂದು ಗಾಳಿ ತುಂಬಿದ ಟಯರನ್ನು ರೂಪಿಸಿ 1888ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಸ್ವಾತಂತ್ರ್ಯ ಬಂದ ಮೇಲೆ ಮದರಾಸು, ಸೋನೀಪತ್, ಲೂಧಿಯಾನಗಳಲ್ಲಿ ಕಾರ್ಖಾನೆಗಳು ಒಂದೊಂದಾಗಿ ತಲೆಯೆತ್ತಿದವು. ಅಂಚೆಯವರು, ಶಾಲೆಯ ಮೇಷ್ಟರು, ಹಾಲು ಮಾರುವವರು ಇವರೆಲ್ಲರ ಬದುಕು ಎಷ್ಟೋ ಕಾಲ ಈ ಎರಡು ಚಕ್ರಗಳ ಮೇಲೆಯೇ ನಡೆಯಿತು. ಪೇಟೆಯಲ್ಲಿ ಗಂಟೆಗಿಷ್ಟೆಂದು ಬಾಡಿಗೆಗೆ ಸೈಕಲ್ ಕೊಡುವ ಅಂಗಡಿಗಳಿದ್ದವು. ಸೀಟಿಗೆ ಕಾಲು ನಿಲುಕದ ಹುಡುಗರು ಚೌಕಟ್ಟಿನ ತ್ರಿಕೋನದೊಳಗೆ ಒಂದು ಕಾಲನ್ನು ತೂರಿಸಿ, ಒಳಪೆಡಲು ತುಳಿಯುತ್ತ, ಮೊಳಕಾಲು ತರಚಿಕೊಂಡು ಸವಾರಿ ಕಲಿತರು.

ಮಲೆನಾಡಿನ ಏರುಗಳಲ್ಲಿ ಸೈಕಲ್ಲು ಆಗದ ಮಾತು ಎಂಬ ಆಕ್ಷೇಪಣೆಯಲ್ಲಿ ಸತ್ಯವಿಲ್ಲದೆ ಇಲ್ಲ. ಕಡಿದಾದ ಏರಿನಲ್ಲಿ ಗಟ್ಟಿಗನೂ ಇಳಿಯಲೇಬೇಕಾಗುತ್ತದೆ. ಆದರೆ ಇಳಿದು ತಳ್ಳಿಕೊಂಡು ಹೋಗುವುದು ಅವಮಾನವೆಂದು ಯಾರು ಹೇಳಿದರು? ಚಳಿಯ ದಿನದಲ್ಲಿ ಅದು ಒಂದು ಸುಖವೇ. ಇಳಿಜಾರಿನಲ್ಲಿ ನಡುಗಿದ ಮೈ ಏರು ಮುಗಿಯುವುದರೊಳಗೆ ಬೆಚ್ಚಗಾಗಿ, ಹೊದ್ದ ಶಾಲು ಕ್ಯಾರಿಯರಿಗೆ ಹೋಗುತ್ತದೆ. ಬೇಸಗೆಯಲ್ಲಾದರೆ ಇದೇ ಏರು ಬೆವರಿಳಿಸಿ ಬಳಲಿಸುತ್ತದೆ, ಮಳೆಗಾಲದಲ್ಲಿ ಜಾರುತ್ತದೆ. ಮಾಗಿಯು ಸೈಕಲ್ಲಿನ ಋತು ಎನ್ನುವುದು ಈ ಕಾರಣಕ್ಕೇ.

ಹಾಗಾದರೆ ಸೈಕಲ್ಲುಗಳು ಎಲ್ಲಿ ಹೋದವು? 2006-07ನೆಯ ಸಾಲಿನಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿ ಹಲವು ವರ್ಷ ನಡೆಸಿತು. ಆ ಸೈಕಲ್ಲುಗಳಲ್ಲಿ ಎಷ್ಟೋ ಇಂದು ಕೊಟ್ಟಿಗೆಯ ಮೂಲೆಯಲ್ಲಿ, ಚೈನು ತುಕ್ಕು ಹಿಡಿದು, ಕೋಳಿಗಳಿಗೆ ಕೂರುವ ಕೊಂಬೆಯಾಗಿವೆ. ಬಸ್ಸಿನ ಕಥೆಯೂ ಸುಖಕರವಾಗಿಲ್ಲ. ಮುಚ್ಚಿದ ಖಾಸಗಿ ಬಸ್ ಸಂಸ್ಥೆಯೊಂದರ ಕಾರ್ಮಿಕರೇ ಕೂಡಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ 'ಸಹಕಾರ ಸಾರಿಗೆ' ನಾಡಿಗೇ ಮಾದರಿಯೆನಿಸಿ, ಒಳದಾರಿಯ ಹಳ್ಳಿಗಳಿಗೆಲ್ಲ ಬಸ್ಸು ಓಡಿಸಿ, ಕೊನೆಗೆ ನಷ್ಟ ತಾಳಲಾರದೆ 2020ರಲ್ಲಿ ನಿಂತುಹೋಯಿತು. ಬಸ್ಸು ನಿಂತ ಕಡೆಯಲ್ಲಿ ಸ್ಕೂಟರು ಬಂದಿತು. ದೊಡ್ಡವರ ಮಟ್ಟಿಗೆ ಅದು ಅನಿವಾರ್ಯವಿರಬಹುದು. ಮೀಸೆ ಚಿಗುರದ ಹುಡುಗರು ತಂದೆಯ ಬೈಕನ್ನೋ ತಾಯಿಯ ಸ್ಕೂಟರನ್ನೋ ತೆಗೆದುಕೊಂಡು ತಿರುವುಗಳಲ್ಲಿ ಹಾರಿಸಿಕೊಂಡು ಹೋಗುವುದು ಮಾತ್ರ ಯಾವ ದೃಷ್ಟಿಯಿಂದಲೂ ಸಮರ್ಥನೀಯವಲ್ಲ. ಗೇರಿಲ್ಲದ 50 ಸಿ.ಸಿ. ವಾಹನಕ್ಕೂ ಹದಿನಾರು ವರ್ಷ ತುಂಬಿರಬೇಕು, ಉಳಿದವಕ್ಕೆ ಹದಿನೆಂಟು. 2019ರ ತಿದ್ದುಪಡಿಯಂತೆ, ಎಳೆಯರು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಒಡೆಯನಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವುಂಟು. ಎಂದರೆ ಒಂಬತ್ತನೆಯ ತರಗತಿಯ ಬಾಲಕನೊಬ್ಬ ಕಾನೂನಿನ ಒಪ್ಪಿಗೆಯಿಂದ, ಯಾರ ಹಂಗೂ ಇಲ್ಲದೆ, ತಾನೇ ನಡೆಸಬಹುದಾದ ವಾಹನ ಸೈಕಲ್ಲೊಂದೇ.

ಬಾಲಕಿಯ ವಿಷಯವನ್ನು ಇನ್ನೂ ಗಟ್ಟಿಯಾಗಿ ಹೇಳಬೇಕಾಗಿದೆ. ಮಗನು ಸುಮ್ಮನೆ ತಿರುಗಾಡಿ ಬರುತ್ತೇನೆಂದರೆ ಆಯಿತೆನ್ನುವ ಮನೆಯಲ್ಲಿಯೇ ಮಗಳು ಅದೇ ಮಾತನ್ನು ಹೇಳಿದರೆ, "ಸುಮ್ಮನೆ ಎಂದರೇನು? ಏನು ಕೆಲಸ?" ಎಂಬ ಪ್ರಶ್ನೆ ಬರುತ್ತದೆ. ಶಾಲೆಗೆ, ಅಂಗಡಿಗೆ, ಅಜ್ಜಿಯ ಮನೆಗೆ ಹೋಗಲು ಅವಳಿಗೆ ಅಪ್ಪಣೆಯುಂಟು. ಮಂಜು ನೋಡಲು ಇಲ್ಲ. ನೆರೆಯ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1991ರ ಸುಮಾರಿಗೆ ಸಾಕ್ಷರತೆಯ ಆಂದೋಲನದ ಜೊತೆಗೇ ಹಳ್ಳಿಯ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಅಕ್ಷರ ಮತ್ತು ಸೈಕಲ್ಲು ಎರಡನ್ನೂ ಒಟ್ಟಿಗೆ ಕಲಿಸಬೇಕೆಂದು ತೋರಿದ್ದು ಅಲ್ಲಿನವರ ಜಾಣತನ. ಕೆಲಸವಿಲ್ಲದೆ ಒಂದು ಗಂಟೆ ಹೊರಗಿರುವ ಹಕ್ಕು ಅಕ್ಷರದಷ್ಟೇ ಬೆಲೆಯುಳ್ಳದ್ದು.

ಎಚ್ಚರಿಕೆಯ ಮಾತುಗಳೂ ಕೆಲವಿವೆ. ಮಂಜು ಕವಿದಿರುವಾಗ ಎದುರಿನ ಲಾರಿಗೆ ಸೈಕಲ್ಲು ಕಾಣುವುದಿಲ್ಲ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಬೇಕೇ ಬೇಕು. ಬೆರಳು ಮರಗಟ್ಟಿದಾಗ ಬ್ರೇಕು ಹಿಡಿಯುವುದು ತಡವಾಗುತ್ತದೆ, ಆದ್ದರಿಂದ ಇಳಿಜಾರಿಗೆ ಮುಂಚೆ ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವುದು ಒಳ್ಳೆಯದು. ಶಾಲಿನ ಸೆರಗು ಚಕ್ರಕ್ಕೆ ಸಿಲುಕಬಾರದು. ಕಾಡಾನೆ ಓಡಾಡುತ್ತಿರುವ ಸುದ್ದಿಯಿದ್ದರೆ ಆ ದಾರಿಯನ್ನು ಬಿಡಬೇಕು, ಅದರಲ್ಲಿ ಪೌರುಷದ ಪ್ರಶ್ನೆಯಿಲ್ಲ. ದಣಿವಾರಿಸಿಕೊಳ್ಳಲು ಕಾಡಿನೊಳಗಿನ ತರಗೆಲೆಯ ಮೇಲೆ ಕುಳಿತುಕೊಳ್ಳಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳು ಚಳಿಗಾಲದಿಂದ ಬೇಸಗೆಯವರೆಗೆ ಅಲ್ಲಿಯೇ ಹೆಚ್ಚಾಗಿರುತ್ತವೆ. ಸೇತುವೆಯ ಕಟ್ಟೆಯೋ ರಸ್ತೆಯ ಬದಿಯ ಮೈಲಿಗಲ್ಲೋ ಕೂರಲು ಸಾಕು.

ಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸ ಹೊರಡುವುದೂ ಇದೇ ಕಾಲದಲ್ಲಿ. ಮಕ್ಕಳು ರಾತ್ರಿಯೆಲ್ಲ ಬಸ್ಸಿನಲ್ಲಿ ತೂಕಡಿಸಿ ದೂರದ ಅರಮನೆ, ಅಣೆಕಟ್ಟುಗಳನ್ನು ನೋಡಿಬರುತ್ತಾರೆ. ಅದು ಬೇಡವೆಂದಲ್ಲ. ಆದರೆ ಅದರ ಜೊತೆಗೆ ಒಂದು ದಿನದ ಸೈಕಲ್ ಪ್ರವಾಸವನ್ನೂ ಇಟ್ಟುಕೊಳ್ಳಲು ಅಡ್ಡಿಯೇನು? ಕುವೆಂಪು ಅವರು ಹುಟ್ಟಿದ ಹಿರೇಕೊಡಿಗೆ ಕೊಪ್ಪ ತಾಲ್ಲೂಕಿನಲ್ಲೇ ಇದೆ. ಹುಟ್ಟಿದ್ದು 1904ರ ಡಿಸೆಂಬರ್ 29, ನಡು ಮಾಗಿಯಲ್ಲಿ. ಸುತ್ತಲಿನ ಶಾಲೆಗಳ ಮಕ್ಕಳು ಆ ದಿನ ಅಧ್ಯಾಪಕರೊಡನೆ, ಮಂಜು ತೆಳುವಾದ ಮೇಲೆ, ಬುತ್ತಿ ಕಟ್ಟಿಕೊಂಡು ಸೈಕಲ್ಲಿನಲ್ಲಿ ಹೋಗಿಬರಬಹುದು. ದಾರಿಯಲ್ಲಿ ಯಾರದಾದರೂ ಟ್ಯೂಬು ಪಂಚರಾದರೆ ಉಳಿದವರು ಸುತ್ತ ನಿಂತು ತೇಪೆ ಹಾಕುವುದನ್ನು ಕಲಿಯುತ್ತಾರೆ. ಅದಕ್ಕೆ ಬೇಕಾದ ರಬ್ಬರಿನ ಚೂರು, ಸಲ್ಯೂಷನ್, ಉಪ್ಪುಕಾಗದ, ಒಂದು ಸಣ್ಣ ಪಂಪು ಇಷ್ಟೂ ಪುಸ್ತಕದ ಚೀಲವೊಂದರಲ್ಲಿ ಹಿಡಿಸುತ್ತವೆ.