ಮೊದಲ ದಿನದ ಸೂಜಿ

ಮಾದನಾಯಕನಹಳ್ಳಿಯ ಬಾಡಿಗೆ ಮನೆಗಳಲ್ಲಿ, ಪೀಣ್ಯ ಕಡೆಯ ಕಾರ್ಖಾನೆಗಳಿಗೆ ದುಡಿಯಲು ಬಂದ ಕುಟುಂಬಗಳಲ್ಲಿ, ಕೂಸಿನ ‘ತಾಯಿ ಕಾರ್ಡ್’ ಬಿಡಿಸಿ ನೋಡಿದರೆ ಹುಟ್ಟಿದ ದಿನದ ಸಾಲಿನಲ್ಲೇ ‘ಹೆಪಟೈಟಿಸ್ ಬಿ’ ಎಂದಿರುತ್ತದೆ. ತೊಡೆಗೆ ಕೊಡುವ ಅರ್ಧ ಎಂ.ಎಲ್. ಲಸಿಕೆ. ಅದು ಯಕೃತ್ತಿನ ಕ್ಯಾನ್ಸರ್ ತಡೆಯುವ ಲಸಿಕೆಯೂ ಹೌದು ಎಂಬುದು ಎಷ್ಟು ಮನೆಗಳಿಗೆ ಗೊತ್ತು?

ಇದರ ಹಿಂದಿರುವ ವಿಜ್ಞಾನಿ ಬರೂಚ್ ಬ್ಲಂಬರ್ಗ್ ಕ್ಯಾನ್ಸರನ್ನಾಗಲಿ ವೈರಸ್ಸನ್ನಾಗಲಿ ಹುಡುಕಿ ಹೊರಟವರಲ್ಲ. ರಕ್ತದ ಪ್ರೋಟೀನುಗಳು ಜನರಿಂದ ಜನರಿಗೆ ಹೇಗೆ ಬೇರೆಯಾಗುತ್ತವೆಂಬುದಷ್ಟೇ ಅವರ ಕುತೂಹಲ. ಮತ್ತೆ ಮತ್ತೆ ರಕ್ತ ಹಾಕಿಸಿಕೊಂಡಿದ್ದ ಹಿಮೋಫಿಲಿಯಾ ರೋಗಿಯ ಸೀರಮ್, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ಸೀರಮ್ ಜೊತೆ ಪ್ರತಿಕ್ರಿಯಿಸಿತು. 1965ರಲ್ಲಿ ವರದಿಯಾದ ಆ ‘ಆಸ್ಟ್ರೇಲಿಯಾ ಆಂಟಿಜೆನ್’ ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ತುಣುಕೆಂದು ಆಮೇಲೆ ತಿಳಿಯಿತು; ಲಸಿಕೆಗೆ ದಾರಿಯಾದದ್ದೂ ಅದೇ. 1976ರಲ್ಲಿ ನೊಬೆಲ್ ಬಂತು. ‘ಇದರಿಂದೇನು ಲಾಭ?’ ಎಂದು ಮೊದಲೇ ಲೆಕ್ಕ ಕೇಳುವವರ ಕೈಗೆ ಸಿಕ್ಕಿದ್ದರೆ ಈ ಸಂಶೋಧನೆಗೆ ಅನುದಾನವೇ ಸಿಗುತ್ತಿರಲಿಲ್ಲವೇನೋ!

1986ರಲ್ಲಿ ಅವರು ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿ ಬೆಂಗಳೂರಿಗೆ ಬಂದಿದ್ದರು. ನಮ್ಮಜ್ಜಿಯರು ಕಾಮಾಲೆಗೆ ಅರೆದು ಕೊಡುತ್ತಿದ್ದ ನೆಲನೆಲ್ಲಿಯನ್ನೂ ಬಿಡಲಿಲ್ಲ. ಮದ್ರಾಸಿನ ವಿಜ್ಞಾನಿಗಳೊಡನೆ 1988ರಲ್ಲಿ ಆಶಾದಾಯಕ ವರದಿ ಪ್ರಕಟಿಸಿದರು. ಮುಂದಿನ ಪ್ರಯೋಗಗಳು ಅದನ್ನು ಎತ್ತಿಹಿಡಿಯಲಿಲ್ಲ. ಲಸಿಕೆ ಮಾತ್ರ ನಿಂತಿತು. 1984ರಿಂದ ಕೂಸುಗಳಿಗೆ ಅದನ್ನು ಕೊಟ್ಟ ತೈವಾನಿನಲ್ಲಿ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಇಳಿಯಿತು.

ಹೆರಿಗೆಯಲ್ಲಿ ಸೋಂಕು ತಗುಲಿದ ಕೂಸುಗಳಲ್ಲಿ ಸುಮಾರು ಶೇಕಡಾ 90 ಮಕ್ಕಳಿಗೆ ಅದು ದೀರ್ಘಕಾಲ ಉಳಿಯುತ್ತದೆ; ಮುಂದೆ ಯಕೃತ್ತಿನ ಕ್ಯಾನ್ಸರಿಗೆ ದಾರಿಯಾಗಬಲ್ಲದ್ದು ಅದೇ. ಹಾಗಾಗಿ ಮೊದಲ 24 ಗಂಟೆಯೇ ಮುಖ್ಯ. ಆಸ್ಪತ್ರೆಯಿಂದ ಹೊರಡುವ ಮುನ್ನ ಕಾರ್ಡಿನ ಆ ಸಾಲಿನಲ್ಲಿ ತಾರೀಖು ಬಿದ್ದಿದೆಯೇ, ಒಮ್ಮೆ ನೋಡಿಕೊಳ್ಳಿ.