ಕೇಳಿದ ಪ್ರಶ್ನೆ, ಕೇಳದ ಪ್ರಶ್ನೆ

ಪ್ರಜಾಪ್ರಭುತ್ವದಲ್ಲಿ ಜನಾಭಿಪ್ರಾಯಕ್ಕೆ ಮನ್ನಣೆಯುಂಟು. ಆದರೆ ಅದು ರೂಪುಗೊಳ್ಳುವ ಬಗೆಯನ್ನು ಅರಿಯದೆ ಅದನ್ನೇ ಜನರ ಅಂತಃಕರಣವೆಂದು ಭಾವಿಸುವುದು ಉಚಿತವಲ್ಲ. ಯುರೋಪಿನ ಹಂಗೇರಿ ದೇಶದ ಅನುಭವವು ಇದಕ್ಕೆ ನಿದರ್ಶನವಾಗಿದೆ.

1956ರಲ್ಲಿ ಸೋವಿಯತ್ ಸೈನ್ಯವು ಹಂಗೇರಿಯ ಜನದಂಗೆಯನ್ನು ಹತ್ತಿಕ್ಕಿದಾಗ ಸುಮಾರು 2 ಲಕ್ಷ ಮಂದಿ ಆಸ್ಟ್ರಿಯಾ ಮತ್ತು ಯುಗೊಸ್ಲಾವಿಯಗಳಿಗೆ ಓಡಿಹೋದರು. ಅನೇಕ ರಾಷ್ಟ್ರಗಳು ಅವರಿಗೆ ನೆಲೆಯಿತ್ತವು.

2015ರಲ್ಲಿ ಸಿರಿಯಾ, ಇರಾಕ್, ಆಫ್ಘಾನಿಸ್ತಾನಗಳ ನಿರಾಶ್ರಿತರು ಅದೇ ಹಂಗೇರಿಯ ಗಡಿಗೆ ಬಂದು ನಿಂತರು. ಇವರಲ್ಲಿ ಹೆಚ್ಚಿನವರು ಮುಸ್ಲಿಮರು, ಯುರೋಪಿನದು ಕ್ರೈಸ್ತ ಸಂಸ್ಕೃತಿ ಎಂದು ಅಂದಿನ ಪ್ರಧಾನಿ ವಿಕ್ಟರ್ ಓರ್ಬಾನರು ಬರೆದರು. ಸರ್ಬಿಯಾದ ಗಡಿಯುದ್ದಕ್ಕೂ 175 ಕಿಲೋಮೀಟರ್ ಬೇಲಿ ಎದ್ದಿತು. ಅದೇ ದಿನಗಳಲ್ಲಿ ಬುಡಾಪೆಸ್ಟಿನ ರೈಲು ನಿಲ್ದಾಣದಲ್ಲಿ ಸಾಮಾನ್ಯ ನಾಗರಿಕರು ಆ ನಿರಾಶ್ರಿತರಿಗೆ ಆಹಾರ, ಬಟ್ಟೆಗಳನ್ನು ನೀಡುತ್ತಿದ್ದರೆಂಬುದೂ ಸ್ಮರಣೀಯ.

ಇಟಲಿ, ಗ್ರೀಸ್‌ಗಳಲ್ಲಿದ್ದ ನಿರಾಶ್ರಿತರನ್ನು ಹಂಚಿಕೊಳ್ಳಲು ಯುರೋಪಿನ ಒಕ್ಕೂಟ ನಿರ್ಣಯಿಸಿದಾಗ ಹಂಗೇರಿಯ ಪಾಲಿಗೆ ಬಂದವರು 1,294 ಮಂದಿ. ಆ ದೇಶದ ಜನಸಂಖ್ಯೆಯೋ ಸುಮಾರು ಒಂದು ಕೋಟಿ. ಸರ್ಕಾರವು 2016ರ ಅಕ್ಟೋಬರ್ 2ರಂದು ಜನಮತಗಣನೆ ನಡೆಸಿತು. ಪ್ಯಾರಿಸ್ಸಿನ ಭಯೋತ್ಪಾದಕ ದಾಳಿಯನ್ನು ವಲಸಿಗರೊಡನೆ ಜೋಡಿಸಿದ ಸರ್ಕಾರಿ ಭಿತ್ತಿಪತ್ರಗಳು ಊರೂರುಗಳಲ್ಲಿ ಕಾಣಿಸಿಕೊಂಡವು. ದಾಳಿಕೋರರಲ್ಲಿ ಕೆಲವರು ನಿರಾಶ್ರಿತರ ದಾರಿಯಲ್ಲೇ ನುಸುಳಿ ಬಂದಿದ್ದರು. ಆದ್ದರಿಂದ ಜನರ ಭಯವು ಕೇವಲ ಕಲ್ಪನೆಯಲ್ಲ. ಆದರೆ ಅಂಥದೇ ಭಯೋತ್ಪಾದನೆಗೆ ಹೆದರಿ ಮನೆಮಠ ತೊರೆದು ಬಂದ ಮುಸ್ಲಿಮರೂ ಆ ದಾರಿಯಲ್ಲಿದ್ದರೆಂಬುದನ್ನು ಯಾವ ಭಿತ್ತಿಪತ್ರವೂ ಹೇಳಲಿಲ್ಲ.

ಮತಪತ್ರದಲ್ಲಿದ್ದ ಪ್ರಶ್ನೆಯಾದರೂ ಏನು? ನಮ್ಮ ಸಂಸತ್ತಿನ ಒಪ್ಪಿಗೆಯಿಲ್ಲದೆ ಪರದೇಶೀಯರನ್ನು ಇಲ್ಲಿ ನೆಲೆಗೊಳಿಸುವ ಅಧಿಕಾರ ಒಕ್ಕೂಟಕ್ಕಿರಬೇಕೆ ಎಂಬುದು. ಸಿಂಧುವಾದ ಮತಗಳಲ್ಲಿ ಶೇ. 98ರಷ್ಟು 'ಬೇಡ' ಎಂದವು. ಅರ್ಧಕ್ಕಿಂತ ಹೆಚ್ಚು ಮತದಾರರು ಮತಗಟ್ಟೆಗೇ ಹೋಗದ ಕಾರಣ ಮತಗಣನೆ ಅಸಿಂಧುವಾಯಿತು. ಆದರೂ ಸರ್ಕಾರವು ಅದನ್ನು ಜನತೆಯ ತೀರ್ಪೆಂದೇ ಸಾರಿತು. ಸಂಕಟದಲ್ಲಿರುವ 1,294 ಜೀವಗಳಿಗೆ ಆಶ್ರಯ ಕೊಡೋಣವೇ ಎಂದು ಮಾತ್ರ ಯಾರೂ ಕೇಳಲಿಲ್ಲ.

2022ರಲ್ಲಿ ರಷ್ಯಾ ದಾಳಿಯಿಟ್ಟಾಗ ಉಕ್ರೇನಿನಿಂದ ಬಂದವರಿಗೆ ಅದೇ ಸರ್ಕಾರ ಗಡಿ ತೆರೆಯಿತು. ಅದು ಶ್ಲಾಘನೀಯ. ನೆರೆಯವರ ಸಂಕಟ ಬೇಗ ತಟ್ಟುವುದು ಸಹಜವೂ ಹೌದು. ಆದರೆ ಆಶ್ರಯ ನೀಡುವ ಶಕ್ತಿ ಆ ದೇಶಕ್ಕಿತ್ತೆಂಬುದು ಆಗ ಸ್ಪಷ್ಟವಾಯಿತು.

ಸಹೃದಯ ಓದುಗರು ಇದನ್ನು ಮನನ ಮಾಡಬೇಕು. ಒಂದು ಮತದವರ ಬಗ್ಗೆ "ಜನರ ಅಭಿಪ್ರಾಯವೇ ಹೀಗಿದೆ" ಎಂಬ ಮಾತು ಕಿವಿಗೆ ಬಿದ್ದಾಗ, ಅವರನ್ನು ಕೇಳಿದ ಪ್ರಶ್ನೆ ಯಾವುದು, ಕೇಳದೆ ಬಿಟ್ಟದ್ದು ಯಾವುದು ಎಂದು ವಿಚಾರಿಸಿ ನೋಡುವುದು ವಿವೇಕಿಗಳ ಲಕ್ಷಣ.