ಲೇಖನ ತಿರುಚುವ ಯಂತ್ರಕ್ಕೆ ಸುಧಾರಣೆಯೇ?

ಒಬ್ಬರು ಬರೆದ ಲೇಖನವನ್ನು ಬೇರೆ ಮಾತುಗಳಲ್ಲಿ ತಾನಾಗಿಯೇ ಬರೆದುಕೊಡತಕ್ಕ ಗಣಕ ತಂತ್ರಾಂಶಗಳು ಈಗ ಕನ್ನಡಕ್ಕೂ ಬಂದಿವೆ. ಅವುಗಳ ಕನ್ನಡ ಇನ್ನೂ ಒರಟು, ಬಲ್ಲವರು ಕೈಗೂಡಿಸಿ ಅವನ್ನು ಸುಧಾರಿಸಬೇಕು ಎಂಬ ಮಾತು ವಿದ್ಯಾವಂತರ ಬಾಯಿಂದಲೇ ಹೊರಡುತ್ತಿದೆ. ಭಾಷಾಭಿಮಾನದ ವೇಷದಲ್ಲಿ ಬರುವ ಕೋರಿಕೆಯನ್ನು ಅಲ್ಲಗಳೆಯುವುದು ಕಷ್ಟ. ಆದರೂ ಅಲ್ಲಗಳೆಯಬೇಕೆಂದೇ ನಮ್ಮ ಮತ. ಆ ಒರಟುತನ ಈಗ ವಾಚಕನಿಗೆ ಉಳಿದಿರುವ ರಕ್ಷಣೆಗಳಲ್ಲೊಂದು. ಅದನ್ನು ನಯಮಾಡುವುದಕ್ಕೆ ಮುಂಚೆ ಯಂತ್ರ ಮಾಡುತ್ತಿರುವ ಕೆಲಸವೇನೆಂದು ವಿಚಾರಿಸಬೇಡವೆ?

ಇದರ ಹುಟ್ಟೇ ಸತ್ಕಾರ್ಯಕ್ಕಲ್ಲ. ಮೊದಲಿನ ಯಂತ್ರಗಳಲ್ಲಿ ಒಂದು ವಾಕ್ಯದ ನಡುವೆ ಆವರಣಚಿಹ್ನೆ ಹಾಕಿ, ಅದರೊಳಗೆ ನಾಲ್ಕಾರು ಪರ್ಯಾಯಪದಗಳನ್ನು ಗೀಟೆಳೆದು ಬೇರ್ಪಡಿಸಿ ಬರೆದಿಡುತ್ತಿದ್ದರು. ಯಂತ್ರ ಒಂದೊಂದು ಸಲ ಒಂದೊಂದನ್ನು ಆರಿಸಿಕೊಂಡು ಒಂದೇ ಲೇಖನವನ್ನು ನೂರಾರು ಲೇಖನಗಳನ್ನಾಗಿ ಮಾಡುತ್ತಿತ್ತು. ಮನುಷ್ಯರು ಓದಲೆಂದಲ್ಲ, ಅಂತರಜಾಲದ ಶೋಧಕಗಳು ಮೋಸಹೋಗಲೆಂದು. ಗೂಗಲ್ ಸಂಸ್ಥೆ 2011ರಲ್ಲಿ ತನ್ನ ಶೋಧಕ್ರಮವನ್ನು ಮಾರ್ಪಡಿಸಿ ಇಂಥ ಹೊಟ್ಟನ್ನು ಕೆಳಕ್ಕೆ ತಳ್ಳಬೇಕಾಯಿತು. ಬಳಿಕ ನಿಘಂಟನ್ನು ಹೊಟ್ಟೆಯಲ್ಲಿಟ್ಟುಕೊಂಡ ಯಂತ್ರಗಳು ಬಂದವು. ಈಗಿನವು ಅಪಾರವಾದ ಬರಹವನ್ನು ನುಂಗಿ, ಯಾವ ಪದದ ಮುಂದೆ ಯಾವುದು ಬರಬಹುದೆಂದು ಲೆಕ್ಕಹಾಕಿ ವಾಕ್ಯ ಹೆಣೆಯುತ್ತವೆ. ಸಾಧನ ಬದಲಾಗಿದೆ, ಗಿರಾಕಿ ಬಹುಮಟ್ಟಿಗೆ ಹಳಬನೇ.

ಒರಟುತನದ ಉಪಕಾರವೇನೆಂದು ಕೇಳುವವರು 2021ರಲ್ಲಿ ನಡೆದುದನ್ನು ನೆನೆಯಬೇಕು. ಗಿಯೋಮ್ ಕಬಾನಕ್, ಸಿರಿಲ್ ಲಬ್ಬೆ, ಅಲೆಕ್ಸಾಂಡರ್ ಮಗಾಜಿನೋವ್ ಎಂಬ ಮೂವರು ವಿದ್ವಾಂಸರು ವಿಜ್ಞಾನಪತ್ರಿಕೆಗಳಲ್ಲಿ ವಿಚಿತ್ರವಾದ ಮಾತುಗಳನ್ನು ಕಂಡರು. ‘ಕೃತಕ ಬುದ್ಧಿಮತ್ತೆ’ ಎಂದಿರಬೇಕಾದ ಕಡೆ ‘ಖೋಟಾ ಪ್ರಜ್ಞೆ’ ಎಂಬರ್ಥದ ಆಂಗ್ಲಪದಗಳಿದ್ದವು; ಸ್ತನದ ಕ್ಯಾನ್ಸರ್ ‘ಎದೆಯ ಗಂಡಾಂತರ’ವಾಗಿತ್ತು. ಪರರ ಬರಹವನ್ನು ಯಂತ್ರಕ್ಕೆ ಕೊಟ್ಟು ತಿರುಚಿದ್ದರ ಗುರುತುಗಳಿವು. ಹಿಂಸೆಗೊಳಗಾದ ಪದಗುಚ್ಛಗಳೆಂದು ಅವರು ಇವಕ್ಕೆ ಹೆಸರಿಟ್ಟರು. ಹೆಸರಾಂತ ಪ್ರಕಾಶಕರ ಪತ್ರಿಕೆಗಳಲ್ಲಿ, ತಜ್ಞಪರೀಕ್ಷೆಯನ್ನು ದಾಟಿ ಅಚ್ಚಾದ ಲೇಖನಗಳಲ್ಲಿಯೇ ಇವಿದ್ದವು. ಪರೀಕ್ಷಕರು ಹಿಡಿಯದ ಕಳ್ಳನನ್ನು ಯಂತ್ರದ ದಡ್ಡತನ ಹಿಡಿದುಕೊಟ್ಟಿತು. ಆ ದಡ್ಡತನವನ್ನು ನೀಗಿಸಿಕೊಡಿರೆಂದು ಕೇಳುವವರು ಯಾರ ಪರವಾಗಿ ಕೇಳುತ್ತಿದ್ದಾರೆ?

ನಮ್ಮ ಜಿಲ್ಲೆಯದೇ ಒಂದು ವಾಕ್ಯವನ್ನು ತೆಗೆದುಕೊಳ್ಳೋಣ. ‘ಮಳೆ ಕೈಕೊಟ್ಟಿತು, ಆಲೂಗೆಡ್ಡೆ ಹಾಕಿದವನು ತಲೆಯ ಮೇಲೆ ಕೈಹೊತ್ತು ಕುಳಿತ.’ ನಿಘಂಟು ಹಿಡಿದು ತಿರುಚಿದರೆ, ‘ವರ್ಷವು ಹಸ್ತವನ್ನಿತ್ತಿತು, ಆಲೂಗೆಡ್ಡೆಯನ್ನು ಎಸೆದವನು ಶಿರದ ಮೇಲೆ ಹಸ್ತವನ್ನು ಧರಿಸಿ ಆಸೀನನಾದ.’ ಪದಕ್ಕೆ ಪದ ಸರಿಯೇ. ಅರ್ಥ ಮಾತ್ರ ತಲೆಕೆಳಗು. ಬರ ತಂದ ಮಳೆ ಉಪಕಾರಿಯಾಯಿತು, ದಿವಾಳಿಯಾದ ರೈತ ಯೋಗಾಸನ ಹಾಕಿದ! ಸಂಸ್ಕೃತಪದವನ್ನೂ ಕನ್ನಡಪದವನ್ನೂ ಕಂಡಂತೆ ಬೆಸೆಯುವುದು ಅರಿಸಮಾಸವೆಂದು ಹದಿಮೂರನೆಯ ಶತಮಾನದಲ್ಲಿಯೇ ಎಚ್ಚರಿಸಿದ ಕೇಶಿರಾಜನು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ.

ಇಷ್ಟಾದರೂ ಇದು ನಗೆಯ ಮಾತು. ಓದಿದವನು ನಕ್ಕು ಎಚ್ಚರಗೊಳ್ಳುತ್ತಾನೆ. ಭಯವಿರುವುದು ನಗೆ ಬಾರದ ಕಡೆ. ಆಲೂಗೆಡ್ಡೆಗೆ ಮುಂಚಿನ ಅಂಗಮಾರಿ, ತಡವಾದ ಅಂಗಮಾರಿ ಎಂದು ಎರಡು ರೋಗಗಳುಂಟು. ಹೆಸರು ಅಕ್ಕತಂಗಿಯರಂತಿದ್ದರೂ ರೋಗಾಣುಗಳು ಬೇರೆ ಬೇರೆ. ಎರಡನೆಯದು 1845ರಿಂದ ಐರ್ಲೆಂಡಿನಲ್ಲಿ ಮಹಾಕ್ಷಾಮಕ್ಕೆ ಕಾರಣವಾದ ರೋಗವೇ. ತಂಪು, ಮೋಡ, ಜಡಿಮಳೆ ಕೂಡಿದಾಗ ಕೆಲವೇ ದಿನಗಳಲ್ಲಿ ಹೊಲವನ್ನು ಕರಿಕುಮಾಡುತ್ತದೆ. ಕೆಲವು ಔಷಧಿಗಳನ್ನು ರೋಗ ತಗಲುವ ಮುನ್ನವೇ ಸಿಂಪಡಿಸಿದರೆ ಫಲ, ತಗಲಿದ ಮೇಲೆ ವ್ಯರ್ಥ. ತಜ್ಞನೊಬ್ಬನು ಅಳೆದು ತೂಗಿ ಬರೆದ ಇಂಥ ಲೇಖನವನ್ನು ಯಂತ್ರವು ಸೊಗಸಾದ ಕನ್ನಡದಲ್ಲಿ ತಿರುಚುವಾಗ ‘ಮುನ್ನ’ ಎಂಬ ಒಂದು ಮಾತು ಜಾರಿಹೋಯಿತೆನ್ನಿ. ಎರಡು ಅಂಗಮಾರಿಗಳು ಒಂದಾದುವೆನ್ನಿ. ಭಾಷೆಯಲ್ಲಿ ಕುಂದು ಕಾಣುವುದಿಲ್ಲ. ಆದುದರಿಂದ ಸಂಶಯವೂ ಹುಟ್ಟುವುದಿಲ್ಲ. ಪಂಜಾಬಿನಿಂದ ಬಂದ ಬಿತ್ತನೆಗೆಡ್ಡೆಯನ್ನು ಸಾಲ ತಂದು ಕೊಂಡವನು ಅದನ್ನು ನಂಬಿ ಕೆಡುತ್ತಾನೆ. ಹೋಗಿ ಕೇಳೋಣವೆಂದರೆ ಲೇಖಕನಿಲ್ಲ.

ವಿದ್ಯಾಲಯಗಳ ಸಂಗತಿಯಂತೂ ಹೇಳತೀರದು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯವನ್ನು ತಡೆಯಲು ನಿಯಮಗಳನ್ನು ಹೊರಡಿಸಿತು. ಹೋಲಿಕೆ ಶೇಕಡ 10ರವರೆಗೆ ಇದ್ದರೆ ದಂಡನೆಯಿಲ್ಲ. 40ರವರೆಗಾದರೆ ಪ್ರಬಂಧವನ್ನು ತಿದ್ದಿ ಒಪ್ಪಿಸಬೇಕು. 60ರವರೆಗಾದರೆ ಒಂದು ವರ್ಷ ನಿಷೇಧ. ಅದನ್ನು ಮೀರಿದರೆ ನೋಂದಣಿಯೇ ರದ್ದು. ಉದ್ದೇಶ ಒಳ್ಳೆಯದು. ಆದರೆ ಫಲವೇನಾಯಿತು? ಕದಿಯಬಾರದೆಂಬ ಧರ್ಮ ಅಂಕಿಯನ್ನು ಇಳಿಸಬೇಕೆಂಬ ಲೆಕ್ಕವಾಗಿಹೋಯಿತು. ಲೆಕ್ಕಕ್ಕೆ ಯಂತ್ರ ಸಿಕ್ಕಿತು. ಮೂಲಕರ್ತನನ್ನು ಹೆಸರಿಸಿ ಉದ್ಧರಿಸಿದ ಭಾಗವನ್ನು ಆ ನಿಯಮಗಳೇ ಹೋಲಿಕೆಯ ಲೆಕ್ಕದಿಂದ ಹೊರಗಿಟ್ಟಿವೆ! ಹೆಸರು ಹೇಳಿದರೆ ಮುಗಿಯುವ ಕಡೆ ಹೆಸರು ಅಡಗಿಸಲು ಇಷ್ಟು ಶ್ರಮಪಡುವ ವಿದ್ಯಾರ್ಥಿಯನ್ನು ಕಂಡರೆ ಕೋಪಕ್ಕಿಂತ ಮರುಕವೇ ಹೆಚ್ಚಾಗುತ್ತದೆ.

ಮರುಬರವಣಿಗೆ ನಮ್ಮ ಸಂಪ್ರದಾಯವೇ ಅಲ್ಲವೆ, ಪಂಪನು ವ್ಯಾಸಭಾರತವನ್ನು ಮತ್ತೆ ಬರೆಯಲಿಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಬರೆದನು, ವ್ಯಾಸನನ್ನು ಮರೆಮಾಡಿ ಬರೆಯಲಿಲ್ಲ. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಮಲ್ಲಿಕಾರ್ಜುನನು ಪೂರ್ವಕವಿಗಳ ಪದ್ಯಗಳನ್ನು ಆಯ್ದು ‘ಸೂಕ್ತಿಸುಧಾರ್ಣವ’ವನ್ನು ಕಟ್ಟಿದನು. ಆತನು ಪದ್ಯಗಳನ್ನು ಇದ್ದಂತೆ ಉಳಿಸಿದ್ದರಿಂದಲೇ ಯಾವುದು ಯಾವ ಕಾವ್ಯದ್ದೆಂದು ವಿದ್ವಾಂಸರು ಗುರುತಿಸುವುದಕ್ಕಾಯಿತು. ಆತನ ಕೈಗೆ ಈ ಯಂತ್ರ ಸಿಕ್ಕಿದ್ದರೆ ಆ ಎಳೆ ಅಂದೇ ಕಡಿದುಹೋಗುತ್ತಿತ್ತು. ಅಷ್ಟು ಹಿಂದಕ್ಕೇಕೆ? 2025ರಲ್ಲಿ ನಮ್ಮ ಹಾಸನದ ಶ್ರೀಮತಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಿತಷ್ಟೆ. ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದರು. ಒಂದೊಂದು ಪದವೂ ಬೇರೆಯಾಯಿತು. ಆದರೂ ಕನ್ನಡದ ಸೊಲ್ಲು ಕೇಳುವಂತೆ ಎಷ್ಟೋ ಮಾತುಗಳನ್ನು ಹಾಗೆಯೇ ಉಳಿಸಿದರು. ಇಬ್ಬರ ಹೆಸರೂ ಪುಸ್ತಕದ ಮೇಲಿದೆ. 50,000 ಪೌಂಡಿನ ಬಹುಮಾನವನ್ನು ಇಬ್ಬರಿಗೂ ಸಮವಾಗಿ ಹಂಚಲಾಯಿತು. ಮಾತನ್ನು ಮಾರ್ಪಡಿಸುವುದು ಪಾಪವೆಂದು ನಾವು ಹೇಳುತ್ತಿಲ್ಲ. ಮಾರ್ಪಡಿಸಿದವರಾರು, ಯಾರದನ್ನು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿರಬೇಕು.

ಕಠಿಣವಾದ ಸರ್ಕಾರಿ ಆಜ್ಞೆಯನ್ನು ಹಳ್ಳಿಯವರಿಗೆ ತಿಳಿಯುವಂತೆ, ಶಾಸ್ತ್ರಪಾಠವನ್ನು ಎಳೆಯರಿಗೆ ಎಟಕುವಂತೆ ತಿಳಿಗನ್ನಡಕ್ಕೆ ತರುವ ಯಂತ್ರವಾದರೆ ಬರಲಿ. ಅದಕ್ಕೆ ಬೇಕಾದ ಸುಧಾರಣೆಗಳೇ ಬೇರೆ: ಮೂಲ ಲೇಖಕನ ಹೆಸರು ತಲೆಯ ಮೇಲೆ ಅಳಿಸಲಾಗದಂತೆ ನಿಲ್ಲಬೇಕು, ಅಂಕಿ, ಅಳತೆ, ರೋಗ ಮತ್ತು ಔಷಧಿಯ ಹೆಸರುಗಳನ್ನು ಯಂತ್ರ ಮುಟ್ಟಕೂಡದು, ಎಲ್ಲೆಲ್ಲಿ ಮಾತು ಬದಲಾಯಿತೆಂಬುದು ಓದುವವನಿಗೆ ಕಾಣಬೇಕು. ಗಣಕ ಬಲ್ಲವರಿಗೆ ಇವು ಅಸಾಧ್ಯವಾದುವೇನೂ ಅಲ್ಲ. ಆದರೆ ಇವನ್ನು ಕೇಳುವ ಗಿರಾಕಿಯೆಲ್ಲಿ? ಸಿಕ್ಕಿಬೀಳದಂತೆ ಮಾಡಿಕೊಡಿ ಎಂಬುದೊಂದೇ ಪೇಟೆಯಲ್ಲಿ ಕೇಳಿಬರುವ ಕೂಗು. ಇನ್ನೊಂದು ಯಂತ್ರದಿಂದ ಇದನ್ನು ಹಿಡಿಯಬಹುದೆಂಬ ಸಮಾಧಾನವೂ ಪೊಳ್ಳು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ವಾಂಸರು 2023ರಲ್ಲಿ ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವಂತವಾಗಿ ಬರೆದ ಪ್ರಬಂಧಗಳನ್ನೇ ಅಂಥ ಪತ್ತೇದಾರ ಯಂತ್ರಗಳು ಬಹುಪಾಲು ಯಂತ್ರಲಿಖಿತವೆಂದು ದೂರಿದವು.

ಕನ್ನಡದ ಗಣಕಕಾರ್ಯಕ್ಕೆ ದುಡಿಯಬೇಕೆಂಬ ತರುಣರು ನಮ್ಮ ತಾಲ್ಲೂಕುಗಳಲ್ಲಿ ಕಡಮೆಯಿಲ್ಲ. ಅವರಿಗೆ ಕೆಲಸವೂ ಕಡಮೆಯಿಲ್ಲ. ಹಳೆಯ ಮಾಸಪತ್ರಿಕೆಗಳ ಮಾಸಿದ ಪುಟಗಳನ್ನು ಗಣಕ ತಪ್ಪಿಲ್ಲದೆ ಓದುವಂತೆ ಮಾಡಲಿ. ಅರಕಲಗೂಡು, ಹೊಳೆನರಸೀಪುರದ ಕಡೆ ಹೊಗೆಸೊಪ್ಪು, ಗೆಡ್ಡೆ ಬೆಳೆಯುವವರ ಬಾಯಲ್ಲಿರುವ ಕಸುಬಿನ ಮಾತುಗಳನ್ನು, ಹೇಳಿದವರ ಊರುಹೆಸರು ಸಮೇತ, ಸಂಗ್ರಹಿಸಲಿ. ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ಪ್ರಯೋಗಕ್ಕೆ ಆಕರ ಹೇಳಿರುವ ಕ್ರಮ ಅವರ ಕಣ್ಣೆದುರಿಗೇ ಇದೆ.